ಮುಟ್ಟು: ಯಾವುದು ಸಹಜ, ಯಾವಾಗ ವೈದ್ಯರನ್ನು ಕಾಣಬೇಕು?

ಹಸು ಬೆದೆಗೆ ಬಂದ ಒಂದೆರಡು ದಿನದಲ್ಲಿ ಬಾಲಕ್ಕೆ ರಕ್ತ ಅಂಟಿದ್ದು ಕಂಡರೆ ನಮ್ಮ ಸದಸ್ಯೆಯರು ಗಾಬರಿಯಿಂದ ಸಂಘದ ಬಳಿಗೆ ಬರುತ್ತಾರೆ. “ಹಸು ಮುಟ್ಟಾಗಿದೆ, ಗರ್ಭ ನಿಲ್ಲಲಿಲ್ಲ” ಎಂಬುದು ಅವರ ಅಳಲು. ಅದು ಮುಟ್ಟಲ್ಲ. ಬೆದೆ ಇಳಿದ ಒಂದರಿಂದ ಮೂರು ದಿನದೊಳಗೆ ಸ್ವಲ್ಪ ರಕ್ತ ಹೋಗುವುದು ಹಸು, ಕಡಸುಗಳಲ್ಲಿ ಸಹಜ. ಗರ್ಭ ನಿಂತಿದೆಯೋ ಇಲ್ಲವೋ ಎಂಬುದು ಅದರಿಂದ ತಿಳಿಯುವುದಿಲ್ಲ. 18ರಿಂದ 24ನೇ ದಿನದೊಳಗೆ ಮತ್ತೆ ಬೆದೆ ಬರುತ್ತದೆಯೇ ಎಂದು ಗಮನಿಸಿದರೆ ಸಾಕು.

ಒಂದು ಮಹಿಳಾ ಸಂಘದ ಸಭೆಯಲ್ಲಿ ಇಷ್ಟನ್ನು ಹೇಳಿ ಮುಗಿಸಿದ ಮೇಲೆ ಎಲ್ಲರೂ ಎದ್ದು ಹೋದರು, ಒಬ್ಬ ಸದಸ್ಯೆ ಮಾತ್ರ ಉಳಿದರು. “ಹಸುವಿಗೆ ಒಂದು ದಿನ ರಕ್ತ ಕಂಡರೆ ನಿಮ್ಮನ್ನ ಕೇಳ್ತೀವಿ. ನನಗೆ ಹನ್ನೆರಡು ದಿನವಾದರೂ ನಿಲ್ಲೋದಿಲ್ಲ, ಯಾರನ್ನ ಕೇಳಲಿ?” ಎಂದರು. ಎರಡು ವರ್ಷದಿಂದ ಹೀಗೇ ಇತ್ತಂತೆ. ಹಾಲಿನ ಕ್ಯಾನು ಹಿಡಿದು ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅವರ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದೆ; ದನಗಳಲ್ಲಿ ನೋಡಿ ನೋಡಿ ರೂಢಿ. ಸುಣ್ಣದಂತೆ ಬೆಳ್ಳಗಿತ್ತು. ನಾನು ದನದ ಡಾಕ್ಟರು, ಮನುಷ್ಯರಿಗೆ ಔಷಧ ಬರೆಯುವಂತಿಲ್ಲ. ಮರುದಿನವೇ ಆಸ್ಪತ್ರೆಗೆ ಕರೆದೊಯ್ದೆ. ಹಿಮೋಗ್ಲೋಬಿನ್ 6 ಗ್ರಾಂ ಇತ್ತು. ಹೆಂಗಸರಿಗೆ ಕನಿಷ್ಠ 12 ಇರಬೇಕು. ರಕ್ತ ಹಾಕಬೇಕಾಯಿತು. ಗರ್ಭಕೋಶದಲ್ಲಿ ಗಡ್ಡೆ ಬೆಳೆದಿತ್ತು, ಪುಣ್ಯಕ್ಕೆ ಕ್ಯಾನ್ಸರ್ ಅಲ್ಲ. ಈಗ ಚೆನ್ನಾಗಿದ್ದಾರೆ. ಅವರ ಒಪ್ಪಿಗೆ ಪಡೆದು, ಆಸ್ಪತ್ರೆಯ ಮಹಿಳಾ ವೈದ್ಯರಿಂದಲೂ ಕೇಳಿ ತಿಳಿದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಹಸುವಿನ ಬೆದೆ ಬೇರೆ, ಹೆಂಗಸಿನ ಮುಟ್ಟು ಬೇರೆ. ಹಸುವಿನಲ್ಲಿ ಬೆದೆ ಮುಗಿದ 10-12 ಗಂಟೆಗೆ ಅಂಡ ಬಿಡುಗಡೆಯಾಗುತ್ತದೆ. ಹೆಂಗಸರಲ್ಲಿ ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲೇ ಅದು ಆಗಿಹೋಗಿರುತ್ತದೆ. ಗರ್ಭಕ್ಕೆಂದು ಗರ್ಭಕೋಶದೊಳಗೆ ಬೆಳೆದಿದ್ದ ಪದರ, ಗರ್ಭ ನಿಲ್ಲದಿದ್ದಾಗ ಕಳಚಿ ರಕ್ತದೊಡನೆ ಹೊರಬರುವುದೇ ಮುಟ್ಟು. ಅದು ಕೆಟ್ಟ ರಕ್ತವಲ್ಲ. ಹೆಚ್ಚು ಹೋದಷ್ಟೂ ಮೈ ಹಗುರವಾಗುತ್ತದೆಂಬ ಮಾತು ಪೂರಾ ತಪ್ಪು. (ಮುಟ್ಟಾದವರು ಕರೆದ ಹಾಲು ಒಡೆಯುತ್ತದೆಂಬುದೂ ಅಷ್ಟೇ. ಹಾಲು ಒಡೆಯುವುದು ಸರಿಯಾಗಿ ತೊಳೆಯದ ಪಾತ್ರೆಯಿಂದ.)

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ 21ರಿಂದ 35 ದಿನ ಆದರೆ ಸರಿ, 28ಕ್ಕೇ ಆಗಬೇಕೆಂದಿಲ್ಲ. ಸ್ರಾವ 2ರಿಂದ 7 ದಿನ ಇರಬಹುದು. ಮೊದಲೆರಡು ದಿನ ಕಿಬ್ಬೊಟ್ಟೆ, ಸೊಂಟ ನೋಯುವುದು ಸಹಜ. ಹೊಸದಾಗಿ ಮೈನೆರೆದ ಹುಡುಗಿಯರಲ್ಲಿ ಒಂದೆರಡು ವರ್ಷ ದಿನ ಹಿಂದುಮುಂದಾಗುತ್ತದೆ. 15 ತುಂಬಿದರೂ ಋತುಮತಿಯಾಗದ ಹುಡುಗಿಯನ್ನು ಒಮ್ಮೆ ತೋರಿಸಿ.

ಇಡೀ ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30-40 ಮಿಲಿಲೀಟರ್. 80 ದಾಟಿದರೆ ಅತಿಯಾಯಿತು. ಹಾಲಿನಂತೆ ಇದನ್ನು ಅಳತೆ ಮಾಡಲಾಗದು, ಬೇರೆ ಗುರುತುಗಳಿವೆ. ಒಂದೆರಡು ಗಂಟೆಗೊಮ್ಮೆ ಬಟ್ಟೆಯೋ ಪ್ಯಾಡೋ ತೊಯ್ದು ಹೋಗುವುದು, ರಾತ್ರಿ ಎದ್ದು ಬದಲಿಸಬೇಕಾಗುವುದು, ರೂಪಾಯಿ ನಾಣ್ಯಕ್ಕಿಂತ ದೊಡ್ಡ ರಕ್ತದ ಹೆಪ್ಪು ಬೀಳುವುದು, ಏಳು ದಿನ ಕಳೆದರೂ ನಿಲ್ಲದಿರುವುದು. ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕಾಣಿ. “ನಲವತ್ತೈದಾಯಿತು, ನಿಲ್ಲೋ ಕಾಲ, ಹೀಗೇ” ಎಂದು ಸುಮ್ಮನಿರುವವರೇ ಹೆಚ್ಚು. ನಿಲ್ಲುವ ಕಾಲದಲ್ಲಿ ದಿನ ಏರುಪೇರಾಗುವುದು ಸರಿ, ಹರಿಯುವುದು ಸರಿಯಲ್ಲ.

ಎರಡು ಮುಟ್ಟಿನ ನಡುವೆ ಅಥವಾ ಗಂಡ-ಹೆಂಡತಿ ಕೂಡಿದ ಮೇಲೆ ರಕ್ತ ಕಂಡರೂ ತೋರಿಸಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದೇ ಒಂದು ಹನಿ ಕಂಡರೂ ತಡಮಾಡಬೇಡಿ. ಅದು ಕ್ಯಾನ್ಸರಿನ ಮೊದಲ ಸೂಚನೆಯೂ ಆಗಿರಬಹುದು. ಬೇಗ ಸಿಕ್ಕರೆ ಚಿಕಿತ್ಸೆಯಿದೆ. ಹಾಸಿಗೆ ಬಿಟ್ಟು ಏಳಲಾಗದಷ್ಟು ನೋವು, ತಿಂಗಳಿಂದ ತಿಂಗಳಿಗೆ ಹೆಚ್ಚುವ ನೋವು ಕೂಡ ಸಹಜವಲ್ಲ.

ಮುಟ್ಟು ತಪ್ಪಿದ ಮೇಲೆ ಹೊಟ್ಟೆಯ ಒಂದು ಪಕ್ಕ ತೀವ್ರ ನೋವು, ರಕ್ತ, ತಲೆಸುತ್ತು ಕಂಡರೆ ಬೆಳಗಾಗುವುದನ್ನು ಕಾಯದೆ 108 ವಾಹನಕ್ಕೆ ಕರೆ ಮಾಡಿ. ಗರ್ಭ ನಾಳದಲ್ಲಿ ಕಟ್ಟಿ ಒಡೆದಿರಬಹುದು, ಜೀವಕ್ಕೇ ಅಪಾಯ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡುತ್ತಾರೆ, ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಮಾತ್ರೆಯನ್ನು ಕಾಫಿ, ಟೀ ಅಥವಾ ಹಾಲಿನೊಡನೆ ನುಂಗಿದರೆ ಮೈಗೆ ಹಿಡಿಯುವುದಿಲ್ಲ. ಹಾಲಿನ ಬಗ್ಗೆ ಈ ಪತ್ರಿಕೆಯಲ್ಲೇ ಹೀಗೆ ಬರೆಯಬೇಕಾಗಿದೆ, ಏನು ಮಾಡುವುದು! ನಿಂಬೆ ಪಾನಕ ಒಳ್ಳೆಯದು.

ಇನ್ನೊಂದು ಮಾತು. ಸ್ರಾವ ಹೆಚ್ಚೆಂದ ಕೂಡಲೇ ಗರ್ಭಕೋಶ ತೆಗೆಸಿಬಿಡಿ ಎನ್ನುವವರು ಸಿಗುತ್ತಾರೆ. ಕೆಲವರಿಗೆ ಅದು ಬೇಕಾಗುತ್ತದೆ, ಬಹಳ ಮಂದಿಗೆ ಮಾತ್ರೆಯಲ್ಲೇ ಹತೋಟಿಗೆ ಬರುತ್ತದೆ. ಸ್ಕ್ಯಾನಿಂಗ್ ವರದಿ ಹಿಡಿದು ಇನ್ನೊಬ್ಬ ವೈದ್ಯರನ್ನು ಕೇಳಿಯೇ ಒಪ್ಪಿಗೆ ಕೊಡಿ. ಎಮ್ಮೆ ಕೊಳ್ಳುವಾಗ ಮೂರು ಜನರನ್ನು ಕೇಳುವ ಗಂಡಸರು ಇಲ್ಲಿಯೂ ಅಷ್ಟು ಮಾಡಲಿ.

ಕೊಟ್ಟಿಗೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಸುವಿನ ಬೆದೆಯ ತಾರೀಖು ಗುರುತು ಹಾಕುತ್ತೀರಲ್ಲ, ಒಳಮನೆಯ ಕ್ಯಾಲೆಂಡರಿನಲ್ಲಿ ನಿಮ್ಮದನ್ನೂ ಹಾಕಿ: ಆರಂಭವಾದ ದಿನಕ್ಕೊಂದು ಚುಕ್ಕೆ, ನಿಂತ ದಿನಕ್ಕೊಂದು. ಆಸ್ಪತ್ರೆಗೆ ಹೋಗುವಾಗ ಆ ಹಾಳೆಗಳನ್ನು ಒಯ್ಯಿರಿ. ವೈದ್ಯರು ಮೊದಲು ಕೇಳುವುದೇ ಆ ತಾರೀಖನ್ನು.