ತಕ್ಕಡಿ ಪೈಸೆಯನ್ನು ಗುರುತಿಸುವ ಬಗೆ

ಮುಂಬೈಯಲ್ಲಿ ಹಳೆ ನಾಣ್ಯಗಳನ್ನು ಹರಡಿಕೊಂಡು ಕೂತವರ ಮುಂದೆ ಎರಡು ಬಗೆಯ ತಾಮ್ರದ ಬಿಲ್ಲೆಗಳು ಸಿಗುತ್ತವೆ. ಒಂದರ ಮೇಲೆ ಹನುಮಂತನೋ ರಾಮ-ಸೀತೆಯರೋ ಇರುತ್ತಾರೆ, ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ಇಸವಿ. ಇನ್ನೊಂದು ಕಂದುಬಣ್ಣಕ್ಕೆ ತಿರುಗಿದ್ದು, ಅಂಚು ಸವೆದದ್ದು. ಅದರ ಮೇಲೊಂದು ತಕ್ಕಡಿ. ಹೆಚ್ಚಿನವರು ಕೈಹಾಕುವುದು ಮೊದಲನೆಯದಕ್ಕೆ. ಆದರೆ ಈ ಊರಿನ ನಿಜವಾದ ಹಣ ಎರಡನೆಯದು. ಅದನ್ನು ಗುರುತಿಸಲು ಬೇಕಾದದ್ದು ಒಂದು ಭೂತಗನ್ನಡಿ, ಗ್ರಾಮಿನ ದಶಾಂಶ ತೋರಿಸುವ ಚಿಕ್ಕ ತೂಕದ ಯಂತ್ರ, ಮತ್ತು ಒಂದಿಷ್ಟು ಇತಿಹಾಸ.

ಪೋರ್ಚುಗೀಸರಿಂದ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಮದುವೆಯ ಬಳುವಳಿಯಾಗಿ ಬಂದ ಬಾಂಬೆ, 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಯ ಮೇಲೆ ಕಂಪನಿಯ ಕೈಸೇರಿತು. ಗವರ್ನರ್ ಜೆರಾಲ್ಡ್ ಆಂಜಿಯರ್ 1672ರಲ್ಲಿ ಇಲ್ಲಿ ಟಂಕಸಾಲೆ ತೆರೆಸಿದ. ಬೆಳ್ಳಿಯ ನಾಣ್ಯಕ್ಕೆ ಆಂಗ್ಲಿನಾ, ತಾಮ್ರದ್ದಕ್ಕೆ ಕಾಪರೂನ್ ಎಂದು ಹೆಸರಿಟ್ಟರು. ಬೆಳ್ಳಿ ದೊಡ್ಡ ವ್ಯಾಪಾರಿಗಳ ಮಾತು. ಮೀನು, ಅಕ್ಕಿ, ಎಣ್ಣೆಯ ಲೆಕ್ಕವೆಲ್ಲ ನಡೆಯುತ್ತಿದ್ದದ್ದು ತಾಮ್ರದಲ್ಲಿ. ಆ ತಾಮ್ರವೇ ಸರಿಯಿರಲಿಲ್ಲ. ಕೈಯಿಂದ ಬಡಿದ ಬಿಲ್ಲೆ ಒಂದು ದಪ್ಪ, ಒಂದು ತೆಳು. ನಕಲು ಮಾಡುವುದು ಸುಲಭ. ರೂಪಾಯಿಗೆ ಎಷ್ಟು ಪೈಸೆ ಎಂಬುದೂ ದಿನಕ್ಕೊಂದು ರೀತಿ. ಸರಾಫರು ಬಟ್ಟಾ (ವಿನಿಮಯದ ಕಡಿತ) ಹಿಡಿದುಕೊಂಡೇ ಚಿಲ್ಲರೆ ಕೊಡುತ್ತಿದ್ದರು. ಆ ನಷ್ಟ ಬೀಳುತ್ತಿದ್ದದ್ದು ದಿನಗೂಲಿಯವನ ತಲೆಗೆ. ನಾಣ್ಯದ ಇತಿಹಾಸ ಬರೆಯುವವರು ಚಿನ್ನ, ಬೆಳ್ಳಿಗೆ ಕೊಡುವ ಪುಟಗಳನ್ನು ತಾಮ್ರಕ್ಕೆ ಕೊಡದಿರುವುದು ನನಗೆ ಸರಿಯೆನಿಸುವುದಿಲ್ಲ. ಹೆಚ್ಚು ಕೈ ದಾಟಿದ್ದು ಈ ಬಿಲ್ಲೆಯೇ.

ಈ ತೊಂದರೆಗೆ ಪರಿಹಾರ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಬಂತು. ಅಲ್ಲಿನ ಸೋಹೊದಲ್ಲಿ ಮ್ಯಾಥ್ಯೂ ಬೌಲ್ಟನ್ ಉಗಿಯಂತ್ರದಿಂದ ನಾಣ್ಯ ಒತ್ತುವ ಟಂಕಸಾಲೆ ಕಟ್ಟಿದ್ದ. ಬಾಂಬೆಗಾಗಿ ಅಲ್ಲಿ 1791ರಲ್ಲಿ, ಮತ್ತೆ 1794ರಲ್ಲಿ ತಾಮ್ರದ ನಾಣ್ಯಗಳನ್ನು ಒತ್ತಿ ಹಡಗಿನಲ್ಲಿ ಕಳಿಸಿದರು. ಎರಡು ಪೈಸೆ, ಒಂದೂವರೆ ಪೈಸೆ, ಒಂದು ಪೈಸೆ, ಅರ್ಧ ಪೈಸೆ ಎಂದು ನಾಲ್ಕು ಅಳತೆ. ಒಂದು ಮುಖದಲ್ಲಿ ಹೃದಯಾಕಾರದ ಗುರುತು, ಅದರೊಳಗೆ ವಿ, ಇ, ಐ, ಸಿ ಎಂಬ ಇಂಗ್ಲಿಷ್ ಅಕ್ಷರಗಳು, ಮೇಲೆ 4ರಂತೆ ಕಾಣುವ ಚಿಹ್ನೆ. ಕಂಪನಿ ತನ್ನ ಸರಕಿನ ಮೂಟೆಗಳ ಮೇಲೆ ಹಾಕುತ್ತಿದ್ದ ಮುದ್ರೆಯೇ ಇದು. ಇನ್ನೊಂದು ಮುಖದಲ್ಲಿ ತಕ್ಕಡಿ, ಎರಡು ತಟ್ಟೆಗಳ ನಡುವೆ ಅರಬ್ಬಿ ಲಿಪಿಯಲ್ಲಿ ‘ಅದಲ್’, ಅಂದರೆ ನ್ಯಾಯ. 1804ರ ಕಂತಿನಲ್ಲಿ ಮೂಟೆಯ ಮುದ್ರೆ ಹೋಗಿ ಕಂಪನಿಯ ಲಾಂಛನ ಬಂತು. ತಕ್ಕಡಿಯ ಬದಿಯಲ್ಲಿ ಹಿಜರಿ 1219. ಎರಡು ಇಸವಿ ಕಂಡು ಗಾಬರಿಯಾಗಬೇಡಿ, ಎರಡೂ ಒಂದೇ ವರ್ಷ.

ಇದೇ ಕಾಲಕ್ಕೆ, ಆಗಷ್ಟೇ ಸ್ವತಂತ್ರವಾಗಿದ್ದ ಅಮೆರಿಕವೂ ತಾಮ್ರದ ಚಿಲ್ಲರೆಗಾಗಿ ಪರದಾಡುತ್ತಿತ್ತು. ತಾಮ್ರದ ನಾಣ್ಯವನ್ನು ಯುರೋಪಿನಲ್ಲೇ ಒತ್ತಿಸಿ ತರಿಸುವ ಪ್ರಸ್ತಾಪ ಬಂದಾಗ, 1790ರಲ್ಲಿ ಅಲ್ಲಿನ ವಿದೇಶಾಂಗ ಸಚಿವ ಥಾಮಸ್ ಜೆಫರ್‌ಸನ್ ಬೇಡವೆಂದ. ನಾಣ್ಯ ಒತ್ತುವುದು ದೇಶದ ಸಾರ್ವಭೌಮತ್ವದ ಲಕ್ಷಣ ಎಂಬುದು ಅವನ ವಾದ. 1792ರಲ್ಲಿ ಫಿಲಡೆಲ್ಫಿಯಾದಲ್ಲಿ ಟಂಕಸಾಲೆ ಹುಟ್ಟಿತು, 1793ರಲ್ಲಿ ಸರಪಳಿಯ ಚಿತ್ರವಿದ್ದ ಮೊದಲ ಸೆಂಟುಗಳು ಹೊರಬಂದವು. ತೂಕ 208 ಗ್ರೇನ್ (ಇಂಗ್ಲಿಷ್ ತೂಕದ ಚಿಕ್ಕ ಅಳತೆ), ಬಾಂಬೆಯ ಎರಡು ಪೈಸೆಗಿಂತ 8 ಗ್ರೇನ್ ಮಾತ್ರ ಹೆಚ್ಚು. ಆದರೂ ಕೆಲವೇ ವರ್ಷಗಳಲ್ಲಿ ಆ ಟಂಕಸಾಲೆ ಮುದ್ರೆಯಿಲ್ಲದ ತಾಮ್ರದ ಬಿಲ್ಲೆಗಳನ್ನು ಇದೇ ಬೌಲ್ಟನ್‌ನಿಂದ ತರಿಸಿಕೊಳ್ಳತೊಡಗಿತು. ಮುದ್ರೆ ಯಾರದ್ದಿರಬೇಕು ಎಂದು ಅಮೆರಿಕ ತಾನೇ ತೀರ್ಮಾನಿಸಿತು. ಬಾಂಬೆಯವರನ್ನು ಯಾರೂ ಕೇಳಲಿಲ್ಲ.

ಈಗ ತೂಕಕ್ಕೆ ಬರೋಣ. ಸೋಹೊ ಪೈಸೆಯ ತೂಕ 100 ಗ್ರೇನ್, ಸುಮಾರು 6.48 ಗ್ರಾಂ. ಎರಡು ಪೈಸೆ ಸುಮಾರು 12.96, ಅರ್ಧ ಪೈಸೆ 3.24. ಈ 6.48 ಎಂಬ ಅಂಕಿಯನ್ನು ನೆನಪಿಡಿ. 1835ರಲ್ಲಿ ಕಂಪನಿ ತನ್ನ ಆಳ್ವಿಕೆಯ ಸೀಮೆಗೆಲ್ಲ ಒಂದೇ ನಾಣ್ಯ ತಂದಾಗಲೂ ಪಾವಾಣೆಯ (ಕಾಲು ಆಣೆಯ) ತೂಕ 100 ಗ್ರೇನ್ ಆಗಿಯೇ ಉಳಿಯಿತು. ರೂಪಾಯಿಗೆ ಅಂಥವು 64. ರಾಣಿ ವಿಕ್ಟೋರಿಯಾಳ ತಾಮ್ರದ ಪಾವಾಣೆಯದೂ ಅದೇ ತೂಕ. 1906ರಲ್ಲಿ ತಾಮ್ರದ ಬದಲು ಕಂಚು ಬಂದ ಮೇಲಷ್ಟೇ ಅದು 75 ಗ್ರೇನಿಗೆ ಇಳಿಯಿತು. ಸವೆತದಿಂದ ಒಂದಿಷ್ಟು ಕಡಿಮೆ ತೂಗುವುದು ಸಹಜ. ಹೆಚ್ಚು ತೂಗಿದರೆ ಅನುಮಾನಿಸಿ.

ಮುಂಬೈಯ ಫೋರ್ಟಿನಲ್ಲಿ ರಿಸರ್ವ್ ಬ್ಯಾಂಕಿನ ಎದುರಿಗೆ ಇವತ್ತಿಗೂ ಇರುವ ಟಂಕಸಾಲೆ ಸಿದ್ಧವಾದದ್ದು 1829ರಲ್ಲಿ, ಉಗಿಯಂತ್ರದ ಸಮೇತ. ಫಿಲಡೆಲ್ಫಿಯಾದಲ್ಲಿ ಉಗಿಯಿಂದ ನಾಣ್ಯ ಒತ್ತಿದ್ದು 1836ರಲ್ಲಿ. 1830ರಿಂದ ಬಾಂಬೆಯ ತಕ್ಕಡಿ ಪೈಸೆ ಫೋರ್ಟಿನ ಈ ಟಂಕಸಾಲೆಯಲ್ಲೇ ಅಚ್ಚಾಗತೊಡಗಿತು. ಇದು ಕನ್ನಡಿಗರ ಹಣವೂ ಹೌದು. ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಧಾರವಾಡದ ಸೀಮೆ ಬಾಂಬೆ ಪ್ರಾಂತಕ್ಕೆ ಸೇರಿತ್ತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕನ್ನಡ ಅಕ್ಷರದ ತಾಮ್ರದ ಕಾಸು ಹೊರಡಿಸುತ್ತಿದ್ದ ದಿನಗಳವು. ಒಂದೇ ಭಾಷೆಯ ಜನರ ಕಿಸೆಯಲ್ಲಿ ಎರಡು ಆಡಳಿತದ ತಾಮ್ರ.

ಇನ್ನು ಆ ಹನುಮಂತನ ಬಿಲ್ಲೆ. ಕಂಪನಿ ಯಾವತ್ತೂ ಹನುಮಂತನ ನಾಣ್ಯ ಹೊರಡಿಸಿಲ್ಲ. ಇವುಗಳ ಮೇಲೆ ಸಾಮಾನ್ಯವಾಗಿ ‘ಒಂದು ಆಣೆ’ ಎಂದಿರುತ್ತದೆ. ಒಂದಾಣೆಯ ನಾಣ್ಯ ಚಲಾವಣೆಗೆ ಬಂದದ್ದು 1907ರಲ್ಲಿ, ಅದೂ ತಾಮ್ರ-ನಿಕ್ಕಲ್ ಮಿಶ್ರಣದಲ್ಲಿ. ಇಷ್ಟೇ ಆಗಿದ್ದರೆ ಆಟಿಕೆಯೆಂದು ಬಿಡಬಹುದಿತ್ತು. ಆದರೆ ಇದೇ ಬಿಲ್ಲೆಗಳನ್ನು ‘ರೈಸ್ ಪುಲ್ಲರ್’ ಎಂದು, ಅಕ್ಕಿಕಾಳನ್ನು ಸೆಳೆಯುವ ಶಕ್ತಿ ಇದೆಯೆಂದು ತೋರಿಸಿ, ಕೋಟಿಗಳ ಆಸೆ ಹುಟ್ಟಿಸಿ ಲಕ್ಷಗಟ್ಟಲೆ ದೋಚಿದ ಪ್ರಕರಣಗಳು ಕರ್ನಾಟಕದ ಪೊಲೀಸ್ ಠಾಣೆಗಳಲ್ಲಿ ಮತ್ತೆ ಮತ್ತೆ ದಾಖಲಾಗಿವೆ. ತಾಮ್ರ ಅಕ್ಕಿಯನ್ನು ಸೆಳೆಯುವುದಿಲ್ಲ. ಹಳೆ ನಾಣ್ಯಕ್ಕೆ ಭಾರಿ ಬೆಲೆ ಕೊಡಿಸುತ್ತೇವೆ, ಮೊದಲು ಕಮಿಷನ್ ಕಟ್ಟಿ ಎನ್ನುವ ಫೋನ್ ಕರೆಗಳೂ ಇದೇ ಜಾತಿ. ತನ್ನ ಹೆಸರು ಬಳಸಿ ಹೀಗೆ ವಂಚಿಸಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಸಿದೆ.

ಅಜ್ಜಿಯ ಪೆಟ್ಟಿಗೆಯಲ್ಲಿ ನಿಜವಾದ ತಕ್ಕಡಿ ಪೈಸೆ ಸಿಕ್ಕರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಕಂದು ಪದರವೇ ಅದರ ಕವಚ. ಹೊಳಪು ಬಂದಷ್ಟೂ ಬೆಲೆ ಹೋಗುತ್ತದೆ, ಸಣ್ಣ ಗೆರೆಗಳೂ ಅಳಿಯುತ್ತವೆ. ಮುಂಬೈಯ ಉಪ್ಪುಗಾಳಿ ಮತ್ತು ಮಳೆಗಾಲದ ತೇವ ತಾಮ್ರದ ಶತ್ರುಗಳು. ಪುಡಿಪುಡಿಯಾದ ತಿಳಿಹಸಿರು ಬೂಷ್ಟಿನಂತಹದ್ದು ಕಂಡರೆ ಆ ನಾಣ್ಯವನ್ನು ಉಳಿದವುಗಳಿಂದ ಬೇರೆ ಇಡಿ. ಮೆತ್ತನೆಯ ಪಿವಿಸಿ ಪಾಕೀಟು ಬೇಡ, ಅದು ಕಾಲಕ್ರಮೇಣ ಆಮ್ಲ ಬಿಡುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಸಾಕು.

ಹೋಲಿಸಿ ನೋಡಬೇಕೆಂದರೆ ಫೋರ್ಟಿನ ಸರ್ ಫಿರೋಜ್‌ಶಾ ಮೆಹ್ತಾ ರಸ್ತೆಯ ಅಮರ್ ಬಿಲ್ಡಿಂಗಿನಲ್ಲಿ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯವಿದೆ. ಕಾನೂನಿನ ಎರಡು ಮಾತು: ಮನೆಯ ಪಾಯ ತೋಡುವಾಗ ಗಡಿಗೆಯಲ್ಲಿ ನಾಣ್ಯ ಸಿಕ್ಕಿ, ಅದರ ಬೆಲೆ 10 ರೂಪಾಯಿ ಮೀರಿದರೆ 1878ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಇನ್ನು 100 ವರ್ಷ ದಾಟಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪ್ರಾಚ್ಯವಸ್ತು. ಹಾಗಾಗಿ ಅಮೆರಿಕದಲ್ಲಿರುವ ಮಗನಿಗೆ ನೆನಪಿಗೆಂದು ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವಂತಿಲ್ಲ. ಅವನು ಊರಿಗೆ ಬಂದಾಗ ಕೈಗಿತ್ತು ತೋರಿಸಿ.