ಸೇಬು, ಬೇರಿಕಾಯಿ ಒಂದೇ ಬೆಂಚಿನಲ್ಲಿ

ಯಾಯ್ಟ್ಸೆಯಲ್ಲಿ ನೀರಿನ ಸದ್ದು ತಪ್ಪಿಸಿಕೊಂಡು ನಿಲ್ಲಲು ಜಾಗವೇ ಸಿಗುವುದಿಲ್ಲ. ಪ್ಲಿವಾ ನದಿ ಬೋಸ್ನಿಯಾದ ಈ ಪುಟ್ಟ ಪಟ್ಟಣದ ಅಂಚಿಗೆ ಬಂದು, ಸುಮಾರು 20 ಮೀಟರ್ ಕೆಳಗಿನ ವರ್ಬಾಸ್ ನದಿಗೆ ಧುಮುಕುತ್ತದೆ. ಜೋಗ ಕಂಡ ಕಣ್ಣಿಗೆ ಎತ್ತರ ದೊಡ್ಡದಲ್ಲ. ಆದರೆ ಮನೆಗಳ ಪಕ್ಕದಲ್ಲೇ ಹೀಗೆ ಬೀಳುವ ನೀರಿನ ತುಂತುರು ಮುಖಕ್ಕೆ ತಾಗಿದಾಗ ಎಂಥವರೂ ಒಂದು ಗಳಿಗೆ ನಿಂತುಬಿಡುತ್ತಾರೆ. ಬನ್ನಿ, ಕಲ್ಲುಹಾಸಿನ ಏರುದಾರಿ ಹತ್ತೋಣ. ಮೇಲೆ ಹಳೆಯ ಕೋಟೆ, ಇಳಿಜಾರಿನಲ್ಲಿ ಕಡಿದಾದ ಮಾಡಿನ ಮನೆಗಳು, ಬೇಕರಿಯಿಂದ ಬಿಸಿ ಬುರೆಕ್‌ನ ಘಮ, ಹಿತ್ತಾಳೆಯ ಪುಟ್ಟ ಪಾತ್ರೆಯಲ್ಲಿ ನೊರೆಯೇಳುವ ಕಾಫಿ. ಅಗೋ ಅಲ್ಲಿ ಕಾಣುವ ಎಸ್ಮಾ ಸುಲ್ತಾನಾ ಮಸೀದಿ ಬೋಸ್ನಿಯಾ ಯುದ್ಧದಲ್ಲಿ ನೆಲಸಮವಾಗಿ, ಆಮೇಲೆ ಮತ್ತೆ ಕಟ್ಟಿದ್ದು.

ಆ ಯುದ್ಧದಲ್ಲಿ, 1992ರ ಅಕ್ಟೋಬರಿನಲ್ಲಿ, ಊರು ಸರ್ಬ್ ಪಡೆಗಳ ಕೈಸೇರಿದಾಗ, ಇಲ್ಲಿನ ಬೋಸ್ನಿಯಾಕ್ ಮುಸ್ಲಿಮರೂ ಕ್ರೊಯೇಟ್ ಕ್ಯಾಥೊಲಿಕರೂ ಕೈಗೆ ಸಿಕ್ಕಿದ್ದನ್ನು ಗಾಡಿಗೇರಿಸಿ, ಮಕ್ಕಳನ್ನು ಎತ್ತಿಕೊಂಡು, ಟ್ರಾವ್ನಿಕ್ ಪಟ್ಟಣದತ್ತ ಒಂದೇ ದಾರಿಯಲ್ಲಿ ನಡೆದರು. ಮರುವರ್ಷ ಆ ಎರಡು ಸಮುದಾಯಗಳ ಸೇನೆಗಳೇ ಪರಸ್ಪರರ ವಿರುದ್ಧ ಬಂದೂಕು ಹಿಡಿದವು. 1995ರ ಡೇಟನ್ ಶಾಂತಿ ಒಪ್ಪಂದ ಬರುವ ಹೊತ್ತಿಗೆ ದೇಶದಲ್ಲಿ ಸತ್ತವರು ಸುಮಾರು ಒಂದು ಲಕ್ಷ.

ಗುಂಡಿನ ಸದ್ದು ಅಡಗಿದ ಮೇಲೆ ಗೋಡೆ ಎದ್ದದ್ದು ಶಾಲೆಯಲ್ಲಿ. ಒಂದೇ ಕಟ್ಟಡ, ಎರಡು ಶಾಲೆ: ಬೋಸ್ನಿಯಾಕರಿಗೊಂದು, ಕ್ರೊಯೇಟರಿಗೊಂದು. ಒಂದು ಕಡೆ ಬೇರೆ ಬೇರೆ ಬಾಗಿಲು, ಇನ್ನೊಂದು ಕಡೆ ಬೆಳಿಗ್ಗೆ ಒಬ್ಬರಿಗೆ ಪಾಠ, ಮಧ್ಯಾಹ್ನ ಮತ್ತೊಬ್ಬರಿಗೆ. ಅಂಗಡಿಯಲ್ಲಿ ಚೌಕಾಶಿ ಮಾಡುವಾಗ ಒಬ್ಬರ ಮಾತು ಇನ್ನೊಬ್ಬರಿಗೆ ಸಲೀಸಾಗಿ ತಿಳಿಯುತ್ತದೆ. ಆದರೂ ಭಾಷೆಯ ಪುಸ್ತಕ ಬೇರೆ, ಚರಿತ್ರೆ ಬೇರೆ, ಭೂಗೋಳವೂ ಬೇರೆ. ಸೇಬನ್ನೂ ಬೇರಿಕಾಯನ್ನೂ ಬೆರೆಸಲಾಗದು ಎಂದು ಇಲ್ಲಿನ ಮಧ್ಯ ಬೋಸ್ನಿಯಾ ಕ್ಯಾಂಟನ್ ಎಂಬ ಪ್ರಾಂತ್ಯದ ಶಿಕ್ಷಣ ಸಚಿವರೇ 2007ರಲ್ಲಿ ಹೇಳಿದ್ದರು. ಮಕ್ಕಳನ್ನು ಕುರಿತು ಆಡಿದ ಈ ಮಾತು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಹೀಗೆ ಬೇರ್ಪಟ್ಟ ಶಾಲೆಗಳಲ್ಲಿ ಪ್ರಜಾಪ್ರಭುತ್ವ, ಮಾನವ ಹಕ್ಕುಗಳ ಪಾಠವೂ ಇರುತ್ತದೆ. ಪಕ್ಕದ ಕೋಣೆಯ ಹುಡುಗನ ಹೆಸರೇ ಗೊತ್ತಿಲ್ಲದ ಮಗುವಿಗೆ ಆ ಪಾಠ ಎಲ್ಲಿಂದ ಹತ್ತಬೇಕು?

ಯಾಯ್ಟ್ಸೆಯ ಹೈಸ್ಕೂಲು ಮಕ್ಕಳು ಮಾತ್ರ ಒಂದೇ ತರಗತಿಯಲ್ಲಿ ಕೂತು ಓದುತ್ತಿದ್ದರು. ಆದರೆ ಪಠ್ಯಕ್ರಮ ಕ್ರೊಯೇಟರದ್ದು. ಬೋಸ್ನಿಯಾಕ್ ಹೆತ್ತವರ ಅಸಮಾಧಾನದಲ್ಲಿ ನ್ಯಾಯವಿತ್ತು. ಅದಕ್ಕೆ ಕ್ಯಾಂಟನ್ 2016ರಲ್ಲಿ ಕಂಡುಕೊಂಡ ಪರಿಹಾರ, ಅವರಿಗೊಂದು ಬೇರೆ ಶಾಲೆ. ಆಗ ಮಕ್ಕಳೇ ಬೀದಿಗಿಳಿದರು. ಒಂದೇ ಬೆಂಚಿನಲ್ಲಿ ಕೂತವರು ಅಕ್ಕಪಕ್ಕ ನಿಂತು, ಕೈಬರಹದ ಫಲಕ ಎತ್ತಿ, ನಮ್ಮನ್ನು ಒಡೆಯಬೇಡಿ ಎಂದರು. 2017ರ ಜೂನ್‌ನಲ್ಲಿ ಕ್ಯಾಂಟನ್ನಿನ ರಾಜಧಾನಿ ಟ್ರಾವ್ನಿಕ್‌ಗೇ ಹೋಗಿ ಕೂಗಿದರು. ಅವರ ಹಿರಿಯರು ಊರು ಬಿಟ್ಟು ನಡೆದು ಬಂದಿದ್ದ ಅದೇ ಟ್ರಾವ್ನಿಕ್‌ಗೆ. ಹಟ ಹಿಡಿದವರು ಹದಿನಾರು, ಹದಿನೇಳರ ಹುಡುಗ ಹುಡುಗಿಯರು. ಯುದ್ಧವನ್ನು ಕಂಡವರಲ್ಲ, ಮನೆಯಲ್ಲಿ ಕೇಳಿದವರು. ಕೊನೆಗೆ ಸರ್ಕಾರ ಹಿಂದೆ ಸರಿಯಿತು.

ನಾಗರಿಕ ಶಿಕ್ಷಣ ಅಂದರೇನು ಎಂದು ಕೇಳುವವರಿಗೆ ನಾನು ತೋರಿಸುವುದು ಈ ಮಕ್ಕಳನ್ನೇ. 2018ರಲ್ಲಿ ಅವರಿಗೆ, ಅಲ್ಪಸಂಖ್ಯಾತರ ಪರ ಕೆಲಸಕ್ಕೆ ಕೊಡುವ ಮ್ಯಾಕ್ಸ್ ವಾನ್ ಡರ್ ಸ್ಟೂಲ್ ಪ್ರಶಸ್ತಿ ಬಂತು. ಅದೇ ವರ್ಷ ಹೊರಬಿದ್ದ ಐರೋಪ್ಯ ಭದ್ರತೆ ಮತ್ತು ಸಹಕಾರ ಸಂಘಟನೆಯ ವರದಿಯ ಪ್ರಕಾರ, ದೇಶದ 56 ಶಾಲೆಗಳು ಇನ್ನೂ ಒಂದೇ ಸೂರಿನಡಿ ಬೇರೆಬೇರೆಯಾಗಿಯೇ ನಡೆಯುತ್ತಿದ್ದವು. ಎಲ್ಲರಿಗೂ ಒಂದೇ ಪಠ್ಯಕ್ರಮ ಕೊಡಿ ಎಂಬ ಮಕ್ಕಳ ಇನ್ನೊಂದು ಬೇಡಿಕೆಯೂ ಆಗ ಈಡೇರಲಿಲ್ಲ.