ಅಂಗಡಿ ಮುಂದೆ ನಿಂತು ಕೇಳಿದ ಹಾಡು

ರಾಣೆಬೆನ್ನೂರು ಬಿಟ್ಟ ರೈಲು ಹುಬ್ಬಳ್ಳಿ ಕಡೆ ಮುಖ ಮಾಡಿತೆಂದರೆ ಬ್ಯಾಡಗಿ, ಹಾವೇರಿ, ಕರಜಗಿ, ಯಲವಿಗಿ, ಗುಡಗೇರಿ, ಸಂಶಿ, ಕುಂದಗೋಳ ಎಂದು ಹಳದಿ ಬೋರ್ಡುಗಳು ಒಂದರ ಹಿಂದೆ ಒಂದು ಕಿಟಕಿ ದಾಟಿ ಹೋಗುತ್ತವೆ. ಎಕ್ಸ್‌ಪ್ರೆಸ್ ಗಾಡಿಯವರಿಗೆ ಇವುಗಳಲ್ಲಿ ಅರ್ಧಕ್ಕರ್ಧ ನಿಲ್ಲದ ಸ್ಟೇಶನ್ನುಗಳು. ಬಸ್ಸಿನಲ್ಲಿ ಓಡಾಡುವವರಿಗಂತೂ ಹೈವೇ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆದರೆ ಹಳೇ ಹಾಡಿನ ಹುಚ್ಚು ಹಿಡಿದವರನ್ನು ಕೇಳಿ ನೋಡ್ರಿ. ಕುಂದಗೋಳ ಬಂತೆಂದರೆ ಕೂತಲ್ಲೇ ಕೈ ಮುಗಿಯುವವರು ನಮ್ಮೂರಲ್ಲಿ ಇದ್ದಾರೆ. ಅಲ್ಲಿ ಅವರಿಗೆ ದೊಡ್ಡ ಗುಡಿಯೇನೂ ಇಲ್ಲ, ಸವಾಯಿ ಗಂಧರ್ವರ ಊರು ಅಷ್ಟೇ.

ಹಳೇ ಹಾಡಿನ ಅಭಿಮಾನಿಗಳಲ್ಲಿ ನಮ್ಮ ಕಡೆ ಎರಡು ಪಂಗಡ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಎಂದರೆ ಚಹಾ ಆರಿದರೂ ಲಕ್ಷ್ಯ ಇಲ್ಲದವರು ಒಂದು ಕಡೆ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಎಂದು ಹೆಸರು ಹೇಳುವಾಗಲೇ ಕಿವಿ ಮುಟ್ಟಿಕೊಳ್ಳುವವರು ಇನ್ನೊಂದು ಕಡೆ. ಇಬ್ಬರೂ ಜಗಳಾಡುತ್ತಾರೆ, ಆದರೆ ಒಂದು ಮಾತಿಗೆ ಮಾತ್ರ ಇಬ್ಬರ ಒಮ್ಮತ ಇದೆ: ಈಗಿನವರಿಗೆ ಹಾಡಲು ಬರುವುದಿಲ್ಲ!

ಈ ಮಾತು ನಾನು ಒಪ್ಪುವುದಿಲ್ಲ. ಹಾಡುವವರು ಈಗಲೂ ಹುಟ್ಟುತ್ತಾರೆ. ಕಡಿಮೆಯಾದದ್ದು ಬೇರೆ ಒಂದು ಇದೆ, ಅದರಲ್ಲಿ ಅಂಗಡಿಕಾರರಾದ ತಮ್ಮ ಪಾಲೂ ಉಂಟು. ಅದಕ್ಕೇ ಈ ಬರಹ.

ಭೀಮಸೇನ ಜೋಶಿಯವರ ಕಥೆಯನ್ನೇ ತಗೊಳ್ಳಿ. 1922ರಲ್ಲಿ ಹುಟ್ಟಿದ ಗದಗಿನ ಹುಡುಗ, ತಂದೆ ಶಾಲಾ ಮಾಸ್ತರರು. ಈ ಹುಡುಗನಿಗೆ ಹಾಡಿನ ಹುಚ್ಚು ಹಿಡಿಸಿದವರು ಯಾರು? ಗುರುಗಳೆಂದೀರಿ. ಅಲ್ಲ, ಒಂದು ಅಂಗಡಿ! ಅಲ್ಲಿ ಗಿರಾಕಿಗಳಿಗೆಂದು ಗ್ರಾಮೋಫೋನ್ ಹಾಕುತ್ತಿದ್ದರು. ಅದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿ. ಶಾಲೆ ಬಿಟ್ಟು ಬರುವ ಹುಡುಗ ಪಾಟೀಚೀಲದ ಸಮೇತ ಅಲ್ಲೇ ನಿಂತುಬಿಡುತ್ತಿದ್ದ. ಹಾಡಿದರೆ ಹಿಂಗ ಹಾಡಬೇಕು ಎಂದು ಮನಸ್ಸಿನಲ್ಲಿ ಕೂತದ್ದು ಆ ಮೂರು ನಿಮಿಷದ ರೆಕಾರ್ಡಿನಿಂದ. ಅಂಗಡಿಯವನಿಗೆ ಈ ಹುಡುಗನಿಂದ ಒಂದು ದುಡ್ಡಿನ ವ್ಯಾಪಾರವಾಗಿರಲಿಕ್ಕಿಲ್ಲ. ಹೋಗಪ್ಪಾ ಆಚೆ ಎಂದು ಆತ ಗದರಿದ್ದರೆ? 2008ರಲ್ಲಿ ಭಾರತರತ್ನ ಘೋಷಣೆಯಾದಾಗ ಆ ಅಂಗಡಿಕಾರನ ನೆನಪು ಯಾರಿಗೆ ಬಂದಿತೋ ಏನೋ.

ಮುಂದಿನದು ಬಹಳ ಜನರಿಗೆ ಗೊತ್ತಿದ್ದದ್ದೇ. 1933ರಲ್ಲಿ, ಊಟದ ಹೊತ್ತಿಗೆ ತುಪ್ಪಕ್ಕಾಗಿ ತಾಯಿಯ ಜೊತೆ ತಕರಾರು ಮಾಡಿ ಹನ್ನೊಂದು ವರ್ಷದ ಹುಡುಗ ಮನೆ ಬಿಟ್ಟ. ಟಿಕೆಟ್ಟಿಲ್ಲದೆ ರೈಲು ಹತ್ತುವುದು, ಹಿಡಿದ ಟಿ.ಸಿ.ಗೆ ಹಾಡಿ ಒಲಿಸುವುದು. ಗ್ವಾಲಿಯರ್ ಆಯಿತು, ಜಲಂಧರ್ ಆಯಿತು. ಅಲ್ಲಿ ವಿನಾಯಕರಾವ್ ಪಟವರ್ಧನರು, ನಿಮ್ಮ ಊರ ಬಳಿಯೇ ಸವಾಯಿ ಗಂಧರ್ವರಿರುವಾಗ ಇಲ್ಲೇಕೆ ಅಲೆಯುತ್ತೀ ಎಂಬ ಅರ್ಥದ ಬುದ್ಧಿ ಹೇಳಿ ವಾಪಸ್ ಕಳಿಸಿದರು. 1936ರಲ್ಲಿ ಕುಂದಗೋಳದ ಗುರುಮನೆ ಸೇರಿದ್ದಾಯಿತು. ಸೇರಿದ ಕೂಡಲೇ ರಾಗ ಹೇಳಿಕೊಟ್ಟರೆಂದು ತಿಳಿಯಬೇಡಿ. ಮೊದಲು ಕೊಡ ಹೊತ್ತು ನೀರು ತರುವ ಕೆಲಸ. ಆ ದೇಹದಾರ್ಢ್ಯ ಆಮೇಲೆ ತಾನು ಹೊಡೆಯುವಾಗ ಕಂಡಿತು ಅನ್ನಿ.

ಆ ರೆಕಾರ್ಡಿನ ಖಾನ್ ಸಾಹೇಬರೇ ಸವಾಯಿ ಗಂಧರ್ವರ ಗುರುಗಳು. ಅವರ ಮನೆ ಮಿರಜದಲ್ಲಿ, ದಸರೆಗೆ ಕರೆಯುತ್ತಿದ್ದದ್ದು ಮೈಸೂರಿಗೆ. ಮಿರಜದಿಂದ ಮೈಸೂರಿಗೆ ಹೋಗುವ ರೈಲು ದಾರಿ ಅಂದರೆ ನಮ್ಮ ಮನೆ ಮುಂದಿನ ದಾರಿಯೇ. ನಡುವೆ ಕುಂದಗೋಳದ ನಾಡಿಗೇರ ವಾಡೆ, ಅಲ್ಲಿ ವಸ್ತಿ, ಅಲ್ಲಿ ಹಾಡು. ಅದೇ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತ ಇಂದಿಗೂ ರಾತ್ರಿ ಬೆಳಗಾಗುವ ತನಕ ನಡೆಯುವ ಪದ್ಧತಿ. ಖಾನ್ ಸಾಹೇಬರ ಕೊನೆಯೂ ರೈಲಿನದೇ. 1937ರಲ್ಲಿ ಪ್ರಯಾಣದಲ್ಲಿದ್ದಾಗ ಎದೆನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೇ ಪ್ರಾಣ ಹೋಯಿತು.

ಗಾಂಧಾರಿ ಎಂದರೆ ಯಾರು?

ಬೀದಿಯಲ್ಲಿ ನಿಂತು ಕಲಿತವರು ಭೀಮಸೇನರೊಬ್ಬರೇ ಅಲ್ಲ. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿಯವರೂ ಸಣ್ಣವರಿದ್ದಾಗ ಗ್ರಾಮೋಫೋನ್ ದನಿ ಕಿವಿಗೆ ಬಿದ್ದರೆ ಮನೆಯಿಂದ ಹೊರಗೆ ಓಡಿ ಬರುತ್ತಿದ್ದರಂತೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ದೊಡ್ಡ ಹಾಡುಗಾರ್ತಿ. ಮಗಳ ಒಲವು ಹಿಂದೂಸ್ತಾನಿ ಕಡೆ ಎಂದು ಕಂಡಾಗ, ಆಕೆಯ ಕಿವಿಯಲ್ಲಿ ಎರಡೂ ಕಲಸಬಾರದೆಂದು ಈ ತಾಯಿ ತಮ್ಮ ಹಾಡನ್ನೇ ಬದಿಗಿಟ್ಟರು. ಇಂಥ ತ್ಯಾಗಕ್ಕೆ ಯಾವ ಪ್ರಶಸ್ತಿಯೂ ಇಲ್ಲ ನೋಡ್ರಿ.

1928ರ ಹೊತ್ತಿಗೆ ಮನೆ ಹುಬ್ಬಳ್ಳಿಗೆ ಬಂತು. ಮುಂದೆ ಸವಾಯಿ ಗಂಧರ್ವರ ಬಳಿ ಪಾಠ. ಹುಬ್ಬಳ್ಳಿಯಲ್ಲಿ ರೈಲು ಹತ್ತುವುದು, ಕುಂದಗೋಳದಲ್ಲಿ ಇಳಿಯುವುದು, ಕೆಲವೇ ಸ್ವರಗಳ ಒಂದು ಪಲುಕನ್ನು ಗುರು ಒಪ್ಪುವವರೆಗೆ ತಿದ್ದುವುದು, ರಾತ್ರಿ ಗಾಡಿಗೆ ವಾಪಸ್. ಎಷ್ಟೋ ಸಲ ಸ್ಟೇಶನ್ನಿನ ತನಕ ಜೊತೆಗೆ ಬರುತ್ತಿದ್ದವರು ಭೀಮಸೇನರು ಎಂದು ಹೇಳುವುದುಂಟು. ದಿನಾ ಪಾಸ್ ಮಾಡಿಸಿ ಹಾವೇರಿ, ಹುಬ್ಬಳ್ಳಿಗೆ ಓಡಾಡುವ ನಮ್ಮ ಓದುಗರಿಗೆ ಈ ತಾಪತ್ರಯ ಬಿಡಿಸಿ ಹೇಳಬೇಕಿಲ್ಲ.

ಎಚ್.ಎಂ.ವಿ.ಯವರು 1930ರ ದಶಕದಲ್ಲಿ ಇವರ ರೆಕಾರ್ಡು ತಂದಾಗ ಲೇಬಲ್ಲಿನ ಮೇಲೆ ಹಾಕಿದ ಹೆಸರು ಗಾಂಧಾರಿ. ಆ ರೆಕಾರ್ಡುಗಳನ್ನು ಈಗ ಮೊಬೈಲಿನಲ್ಲೇ ಕೇಳಬಹುದು. ಒಂದು ಸಲ ಕೇಳ್ರಿ. ಸಣ್ಣ, ಚೂಪಾದ, ಹಕ್ಕಿಯಂಥ ದನಿ. ಅದು ಮುಗಿದ ಬೆನ್ನಿಗೇ ಇಪ್ಪತ್ತು ಮೂವತ್ತು ವರ್ಷ ಆಮೇಲಿನ ಗಂಗೂಬಾಯಿ ಹಾನಗಲ್ಲರನ್ನು ಹಚ್ಚಿ. ಅದೇ ಮನುಷ್ಯಳೆಂದು ದೇವರಾಣೆ ನಂಬಲಿಕ್ಕೆ ಆಗುವುದಿಲ್ಲ! ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ದನಿ ಇಳಿದು ಗಂಡುದನಿಯಾಯಿತು. ಬೇರೆಯವರಾಗಿದ್ದರೆ ಹಾಡು ಬಿಟ್ಟು ಮನೆಯಲ್ಲಿ ಕೂರುತ್ತಿದ್ದರು. ಇವರು ಆ ದನಿಯನ್ನೇ ಹಿಡಿದು ಕಟ್ಟಿದರು. ಒಂದೊಂದು ಸ್ವರವನ್ನೂ ಗೋಡೆಗೆ ಕಲ್ಲು ಇಟ್ಟಂತೆ, ಅವಸರವಿಲ್ಲದೆ ಇಡುತ್ತ ಹೋಗುವ ಆ ಹಾಡನ್ನು ರಾತ್ರಿ ಒಬ್ಬನೇ ಕೇಳುವಾಗ ನನಗಂತೂ ಲೈಟು ಹಾಕಲಿಕ್ಕೂ ಮನಸ್ಸಾಗುವುದಿಲ್ಲ.

ಹಳೇ ಕಾಲ ಚಿನ್ನದ ಕಾಲ ಎನ್ನುವವರು ಮಾತ್ರ ಇದನ್ನೂ ಕೇಳಬೇಕು. ಇದೇ ಗಂಗೂಬಾಯಿ 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿ ಮುಂದೆ ಸ್ವಾಗತ ಗೀತೆ ಹಾಡಿದ ಹುಡುಗಿ. ಮುಂದೆ ಆ ದಿನ ನೆನಪಿಸಿಕೊಂಡಾಗ ಅವರು ಹೇಳಿದ್ದು ಚಪ್ಪಾಳೆಯ ಮಾತಲ್ಲ. ಉಂಡ ಜಾಗ ಬಳಿಯಲು ತನಗೆ ಹೇಳಿಯಾರೆಂದು ಮನಸ್ಸಿನಲ್ಲಿದ್ದ ಅಂಜಿಕೆಯ ಮಾತು. ಹಾಡುವವಳ ಮಗಳೆಂದು ಬೀದಿಯಲ್ಲಿ ಅಣಕಿಸುವವರಿದ್ದರು. ದೊಡ್ಡವರಾದ ಮೇಲೂ ಅವರು ಒಂದು ಪ್ರಶ್ನೆ ಎತ್ತುತ್ತಿದ್ದರು: ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದ, ಹಿಂದುವಾದರೆ ಪಂಡಿತ, ಹೆಂಗಸು ಮಾತ್ರ ಎಷ್ಟು ದೊಡ್ಡವಳಾದರೂ ಬಾಯಿಯೇ ಏಕೆ? 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. 2009ರಲ್ಲಿ ಅವರು ತೀರಿಕೊಂಡ ಮೇಲೂ ಆ ಪ್ರಶ್ನೆಗೆ ಉತ್ತರ ಕೊಟ್ಟವರನ್ನು ನಾನು ಕಾಣೆ.

ಆ ಕಾಲದ ರೆಕಾರ್ಡಿನ ಸಂಗತಿ ನಮ್ಮ ಪೇಟೆಯವರಿಗೆ ಹಿಡಿಸೀತು. ನಿಮಿಷಕ್ಕೆ 78 ಸುತ್ತು ತಿರುಗುವ ಕರಿ ತಟ್ಟೆ. ಪ್ಲಾಸ್ಟಿಕ್ ಎಂದು ತಿಳಿಯಬೇಡಿ. ಅದರ ಜೀವಾಳ ಅರಗು. ಅರಗಿನ ಹುಳು ಮರಕ್ಕೆ ಹಚ್ಚುವ ಅಂಟಿಗೆ ಕಲ್ಲಿನ ಪುಡಿ ಬೆರೆಸಿ, ಬಿಗಿ ಬರಲೆಂದು ಒಂದಿಷ್ಟು ಹತ್ತಿಯ ಎಳೆಯನ್ನೂ ಸೇರಿಸುತ್ತಿದ್ದರು. ಹತ್ತಿ ಪೇಟೆಯ ಊರಿನವರು ಇನ್ನು ಮೇಲೆ ರೆಕಾರ್ಡು ಕಂಡರೆ ಅದರಲ್ಲಿ ನಮ್ಮದೂ ಒಂದು ಪಾಲು ಎನ್ನಲಿಕ್ಕೆ ಅಡ್ಡಿಯಿಲ್ಲ. ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು. ತಾಸುಗಟ್ಟಲೆ ಹಾಡುವ ಖ್ಯಾಲನ್ನು ಮೂರು ನಿಮಿಷಕ್ಕೆ ಇಳಿಸಬೇಕು, ಅದರಲ್ಲಿ ರಾಗದ ಮುಖವೂ ಕಾಣಬೇಕು. ಮಗ್ಗುಲು ಬದಲಿಸಿದಾಗ ಸೂಜಿ ಬದಲು, ಕೀಲಿ ತಿರುವು. ಕೇಳುವವನಿಗೂ ದುಡಿಮೆ ಇತ್ತು.

ಹೋಟೆಲಿನ ರೇಡಿಯೋ

ಗ್ರಾಮೋಫೋನ್ ಸಿರಿವಂತರ ಬಾಬತ್ತು. ಬಡವರಿಗೆ ದಕ್ಕಿದ್ದು ರೇಡಿಯೋ, ಅದೂ ಹೋಟೆಲಿನದು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. ಮನ್ಸೂರರಂಥವರು ಸಂಗೀತ ಸಲಹೆಗಾರರಾಗಿ ಕೂತ ನಿಲಯ ಅದು. ಮನೆಯಲ್ಲಿ ರೇಡಿಯೋ ಇಡಬೇಕೆಂದರೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟಬೇಕಿದ್ದ ಕಾಲ. ಆ ರಗಳೆ 1980ರ ದಶಕದಲ್ಲಿ ತಪ್ಪಿತು. ಹೀಗಾಗಿ ಒಂದು ಸಿಂಗಲ್ ಚಹಾಕ್ಕೆ ಒಂದು ತಾಸು ಕೂತು ಕೇಳುವವರೇ ಬಹಳ. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ. 1952ರಲ್ಲಿ ಶುರುವಾದ ಆ ಕಾರ್ಯಕ್ರಮದ ಅಮೀನ್ ಸಯಾನಿ 2024ರಲ್ಲಿ ತೀರಿಕೊಂಡಾಗ, ಹಿಂದಿಯ ನಾಲ್ಕು ಮಾತು ಬಾರದ ನಮ್ಮ ಹಿರಿಯರೂ ಮನೆಯವರೊಬ್ಬರು ಹೋದಂತೆ ಮಾತಾಡಿದರು.

ಕನ್ನಡ ಚಿತ್ರಗೀತೆಯೂ ಊರ ತುಂಬ ಹಬ್ಬಿದ್ದು ಹೀಗೆಯೇ. 1960ರ ‘ಭಕ್ತ ಕನಕದಾಸ’ದಲ್ಲಿ ರಾಜಕುಮಾರರಿಗೆ ದನಿ ಕೊಟ್ಟವರು ಪಿ.ಬಿ. ಶ್ರೀನಿವಾಸ್. ಆಂಧ್ರದ ಕಾಕಿನಾಡದ ಮನುಷ್ಯ, ನಮ್ಮ ಕಾಗಿನೆಲೆಯ ಕನಕನ ಪದವನ್ನು ಹಾಡಿದರೆ ಬ್ಯಾಡಗಿ ತಾಲೂಕಿನವರಿಗೇ ಇವರು ನಮ್ಮವರಲ್ಲ ಎನ್ನಲಾಗಲಿಲ್ಲ. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರದು ಇದರ ತಿರುವುಮುರುವು. ನಮ್ಮ ಕಡೆಯ ಹೆಣ್ಣುಮಗಳು ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶವನ್ನೇ ಕುಣಿಸಿದರು. ಅವರು ಮಾಡಿದ ಅಮೀರ್ ಟಾಕೀಜು ವಿಜಯಪುರದಲ್ಲಿತ್ತು.

ಕಿವಿಗೆ ಬಿದ್ದ ದನಿಯಿಂದ ಬಾಳು ಬದಲಾದ ಇನ್ನೊಂದು ಕಥೆಗೆ ನಮ್ಮ ತಾಲೂಕಿನದೇ ಎಳೆ ಇದೆ. ಹಾನಗಲ್ಲ ಕುಮಾರ ಸ್ವಾಮಿಗಳು ಹುಟ್ಟಿದ್ದು ರಾಣೆಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಇಬ್ಬರು ಅಣ್ಣತಮ್ಮಂದಿರು, ಹುಟ್ಟಿನಿಂದ ಕಣ್ಣಿಲ್ಲದವರು, ಹಾಡುವುದನ್ನು ಸ್ವಾಮಿಗಳು ಕೇಳಿದರು. ಭಿಕ್ಷೆ ಹಾಕಿ ಮುಂದೆ ಹೋಗಬಹುದಿತ್ತು. ಹೋಗಲಿಲ್ಲ, ಸಂಗೀತಕ್ಕೆ ಹಚ್ಚಿದರು. ಅವರಲ್ಲಿ ಗದಿಗೆಯ್ಯ ಎಂಬಾತನೇ ಮುಂದೆ ಪಂಚಾಕ್ಷರಿ ಗವಾಯಿಗಳು. ಅವರ ಕೈಯಲ್ಲಿ ಬೆಳೆದವರು ದೇವಗಿರಿಯ ಪುಟ್ಟರಾಜ ಗವಾಯಿಗಳು, ಯಲಿವಾಳದ ಬಸವರಾಜ ರಾಜಗುರು. ಗದಗಿನ ಆಶ್ರಮದ ಅಂಧ ಮಕ್ಕಳ ಅನ್ನಕ್ಕಾಗಿ ಪುಟ್ಟರಾಜರು ನಾಟಕ ಕಂಪನಿಯನ್ನೇ ಕಟ್ಟಿ ಊರೂರು ತಿರುಗಿದರು. 1995ರಲ್ಲಿ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರ ಮಾಡಿದವರೂ ದಾವಣಗೆರೆಯ ನಾಟಕ ಕಂಪನಿ ಮನೆತನದ ಚಿಂದೋಡಿ ಬಂಗಾರೇಶ್. ಹಂಸಲೇಖ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಬ್ಬರಿಗೂ ಅದರಿಂದ ರಾಷ್ಟ್ರಪ್ರಶಸ್ತಿ ಬಂತು. ನಾಟಕದ ಪಡದೆ ಹರಿದರೂ ದಾರ ಎಲ್ಲೋ ಒಂದು ಕಡೆ ಹಿಡಿದೇ ಇರುತ್ತದೆ ಅನ್ನಿ.

ಈಗಿನ ಮಾತಿಗೆ ಬರೋಣ. ಸಿಗುವುದಿಲ್ಲ ಎಂಬ ಹಾಡೇ ಕಡಿಮೆ. ಹಿಂದೆ ಒಂದು ರೆಕಾರ್ಡಿಗಾಗಿ ಹುಬ್ಬಳ್ಳಿ ಅಲೆದವರು ಈಗ ಹಾಸಿಗೆಯಲ್ಲೇ ಮಲಗಿ ಐವತ್ತು ಭೈರವಿ ಕೇಳಬಹುದು. ನಾನು ಕ್ಯಾಸೆಟ್ಟಿನ ಸುರುಳಿಗೆ ಪೆನ್ಸಿಲ್ ಹಾಕಿ ತಿರುವಿದ ಪೀಳಿಗೆಯವನು. ಹಳೇ ಹಾಡಿನ ಪ್ರೀತಿ ನನಗೆ ಗಟ್ಟಿಯಾದದ್ದೂ ಮೊಬೈಲಿನಿಂದಲೇ, ಅದನ್ನು ಬೈದರೆ ಉಂಡ ಮನೆಗೆ ಎರಡು ಬಗೆದಂತಾದೀತು. ಆದರೆ ಬಸ್ಸಿನೊಳಗೆ ಕಣ್ಣಾಡಿಸಿ. ಐವತ್ತು ಜನ, ಕಿವಿಯಲ್ಲಿ ಐವತ್ತು ಬೇರೆ ಬೇರೆ ಹಾಡು. ಹೊರಗೆ ಒಂದೂ ಇಲ್ಲ. ಬಸ್ಸಿನಲ್ಲಿ ಮೊಬೈಲ್ ಜೋರಾಗಿ ಹಚ್ಚಬಾರದೆಂದು ಕೆ.ಎಸ್.ಆರ್.ಟಿ.ಸಿ. 2021ರ ನವೆಂಬರಿನಲ್ಲಿ ನಿಯಮ ಮಾಡಿತು. ಸರಿಯಾಗಿಯೇ ಮಾಡಿತು. ಪಕ್ಕದವನ ರೀಲ್ಸ್ ಗದ್ದಲದಲ್ಲಿ ಹರಿಹರದ ತನಕ ಕೂತವರಿಗೆ ಅದರ ಬೆಲೆ ಗೊತ್ತು.

ಆದರೂ ಲೆಕ್ಕ ಹಾಕಿ ನೋಡ್ರಿ. ಮೊಬೈಲು ಕೊಡುವುದು ನಾವು ಕೇಳಿದ್ದನ್ನು, ಇಲ್ಲವೇ ನಾವು ಕೇಳಿದಂಥದ್ದನ್ನು. ಗದಗಿನ ಆ ಹುಡುಗ ಅಬ್ದುಲ್ ಕರೀಂ ಖಾನರನ್ನು ಬೇಕೆಂದು ಕೇಳಿರಲಿಲ್ಲ. ಆ ಹೆಸರೇ ಅವನಿಗೆ ಗೊತ್ತಿತ್ತೋ ಇಲ್ಲವೋ. ದಾರಿಯಲ್ಲಿ ಬಿದ್ದಿತ್ತು, ಕಿವಿಗೆ ಸಿಕ್ಕಿತು. ಇಂದು ಶಾಲೆ ಬಿಟ್ಟು ಸ್ಟೇಶನ್ ರೋಡಿನಲ್ಲಿ ಬರುವ ಹುಡುಗಿಯೊಬ್ಬಳ ಗಂಟಲಿನಲ್ಲಿ ಒಂದು ಗಂಗೂಬಾಯಿ ಇದ್ದರೂ ಅದನ್ನು ಎಬ್ಬಿಸುವ ದನಿ ಆಕೆಗೆ ಯಾವ ಅಂಗಡಿಯ ಮುಂದೆ ಸಿಗಬೇಕು?

ಆದ್ದರಿಂದ ಅಂಗಡಿಕಾರರಲ್ಲಿ ಒಂದು ವಿನಂತಿ, ಖರ್ಚಿನದಲ್ಲ. ಧಾರವಾಡ ಆಕಾಶವಾಣಿ ಈಗ ಮೊಬೈಲ್ ಆ್ಯಪಿನಲ್ಲೂ ಬರುತ್ತದೆ. ಸಂಜೆ ಶಾಲೆ ಬಿಡುವ ಹೊತ್ತಿಗೆ ಅರ್ಧ ತಾಸು, ಗಿರಾಕಿಯ ಮಾತು ಕೇಳುವಷ್ಟು ಸಣ್ಣಗೆ, ಗಲ್ಲಾಪೆಟ್ಟಿಗೆಯ ಪಕ್ಕ ಹಚ್ಚಿಡಿ. ಪಕ್ಕದ ಅಂಗಡಿಯವರಿಗಿಂತ ಜೋರು ಮಾಡುವ ಪೈಪೋಟಿ ಮಾತ್ರ ಬೇಡ. ಯಾರಾದರೂ ಹುಡುಗ ಏನೂ ಕೊಳ್ಳದೆ ನಿಂತರೆ ನಿಲ್ಲಲಿ ಬಿಡಿ.

ಇನ್ನೊಂದು ಮಾತು ಮನೆಯ ಅಟ್ಟದ ಬಗ್ಗೆ. ಅಜ್ಜನ ಕಾಲದ 78ರ ರೆಕಾರ್ಡು ಇದ್ದವರು ಅವನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಬಿಸಿಲು ತಾಗಿದರೆ ಸೊಟ್ಟಾಗುತ್ತವೆ. ಧೂಳು ತೆಗೆಯಲು ಮೆತ್ತನ್ನ ಬಟ್ಟೆ ಸಾಕು. ಸ್ಪಿರಿಟ್ ಹಚ್ಚಿ ಒರೆಸಿದರೆ ಅರಗು ಕರಗಿ ಹಾಡೇ ಹೋಗುತ್ತದೆ. ರದ್ದಿಯವನ ತಕ್ಕಡಿಗೆ ಹಾಕುವ ಮುಂಚೆ ಲೇಬಲ್ಲಿನ ಮೇಲಿನ ಹೆಸರು ಒಂದು ಸಲ ಓದ್ರಿ. ಗಾಂಧಾರಿ ಎಂದಿದ್ದರೆ ಕೆಳಗಿಳಿಸಬೇಡಿ.